ಹತ್ತು ನಿಮಿಷದಲ್ಲಿ ನಿಲ್ಲಬೇಕಾದ ಪಡಿತರ ಅಂಗಡಿ: ಹೊಸ ಏಕಾಂಕವೊಂದನ್ನು ಕಟ್ಟಿದ ದಿನಚರಿ

ಏಕಾಂಕ ನಾಟಕೋತ್ಸವವೆಂದರೆ ಒಂದೇ ಸಂಜೆ ಮೂರು ನಾಲ್ಕು ನಾಟಕ. ಒಂದು ತಂಡ ಸೆಟ್ ಕಳಚುತ್ತಿರುವಾಗಲೇ ಮುಂದಿನ ತಂಡ ಸೈಡ್‌ವಿಂಗಿನಲ್ಲಿ ಸಾಮಾನು ಹಿಡಿದು ನಿಂತಿರುತ್ತದೆ. ಅವಧಿಯ ನಿಯಮ ಉತ್ಸವದಿಂದ ಉತ್ಸವಕ್ಕೆ ಬೇರೆ. ಇಲ್ಲಿ ಹಿಡಿದಿರುವ ಲೆಕ್ಕ 45 ನಿಮಿಷದ್ದು: ಸಜ್ಜಿಗೆ 10, ನಾಟಕಕ್ಕೆ 30, ಕಳಚಲು 5. ಹೊಸ ನಾಟಕಕಾರರು ನಡುವಿನ 30ಕ್ಕೆ ಬರೆಯುತ್ತಾರೆ. ನಾಟಕ ಕೆಡುವುದು ಸಾಮಾನ್ಯವಾಗಿ ಮೊದಲ 10ರಲ್ಲಿ.

ನಾಟಕ ಇಷ್ಟು: ಮಂಡ್ಯ ಕಡೆಯ ಒಂದು ನ್ಯಾಯಬೆಲೆ ಅಂಗಡಿ. ಅಂಗಡಿಯವ, ಒಂಟಿ ಅಜ್ಜಿ, ಸರತಿಯಲ್ಲಿ ನಿಂತ ಒಬ್ಬ ಹುಡುಗ. ಅಜ್ಜಿಯ ಹೆಬ್ಬೆಟ್ಟಿನ ಗುರುತನ್ನು ಯಂತ್ರ ಒಪ್ಪುವುದಿಲ್ಲ. ನಾಲ್ಕು ಸಲ ಕೆಂಪು, ಕೊನೆಗೊಮ್ಮೆ ಹಸಿರು. ಬೇಕಾದದ್ದು ಕಿಟಕಿಯಿರುವ ಅಂಗಡಿ ಮುಖ, ಕಟ್ಟೆ, ತಕ್ಕಡಿ, ಮಾತಾಡುವ ಯಂತ್ರ, ಮೂಟೆಗಳು, ಅಕ್ಕಿ. ಇಡೀ ಸೆಟ್ಟು ಒಂದು ಟಾಟಾ ಏಸ್‌ನಲ್ಲಿ ಹಿಡಿಸಬೇಕು.

40 ದಿನ ಬಾಕಿ: ಹಸ್ತಪ್ರತಿ

ಕೂತು ಓದಿದಾಗ 24 ನಿಮಿಷ, ಎದ್ದು ಆಡಿದಾಗ 31. ಹೆಚ್ಚಿದ 7 ನಿಮಿಷ ಎಲ್ಲಿಂದ ಬಂತೆಂದು ಸ್ಟಾಪ್‌ವಾಚ್ ಹಿಡಿದು ಹುಡುಕಿದರೆ ಉತ್ತರ ಸಿಗುತ್ತದೆ: ಮಾತಿಲ್ಲದ ಕೆಲಸ. ಸೆರಗಿಗೆ ಬೆರಳು ಒರೆಸಿ, ಒತ್ತಿ, ಕಾಯುವುದಕ್ಕೆ ಒಂದು ಸಲಕ್ಕೆ 12 ಸೆಕೆಂಡು, ಐದು ಸಲಕ್ಕೆ ಒಂದು ನಿಮಿಷ. ಅಕ್ಕಿ ಅಳೆದು ಸುರಿಯಲು 40 ಸೆಕೆಂಡು. ಅಜ್ಜಿ ಬಂದು ನಿಲ್ಲಲು, ಚೀಲ ಬಿಡಿಸಲು, ಚೀಟಿ ಹುಡುಕಲು ಇನ್ನೆರಡು ನಿಮಿಷ. ಉಳಿದದ್ದು ಮಾತಿನ ನಡುವಿನ ಮೌನ. ಮೇಜಿನ ಓದಿನ ಸಮಯಕ್ಕೆ ಕಾಲುಭಾಗ ಸೇರಿಸಿ ಅಂದಾಜು ಮಾಡುವುದು ಒಳ್ಳೆಯ ರೂಢಿ. ಇಂಥ ಕೈಕೆಲಸದ ನಾಟಕಕ್ಕೆ ಅದೂ ಸಾಲದು.

ತಾಲೀಮಿನಲ್ಲಿ ಮುಟ್ಟಬೇಕಾದ ಗುರಿ 30 ಅಲ್ಲ, 26. ಮೊದಲ ಪ್ರದರ್ಶನದಲ್ಲಿ ಪ್ರೇಕ್ಷಕರು ಎಲ್ಲಿ ನಗುತ್ತಾರೆಂದು ಯಾರಿಗೂ ಗೊತ್ತಿರುವುದಿಲ್ಲ, ನಕ್ಕಷ್ಟು ಹೊತ್ತು ನಟ ಕಾಯಬೇಕು. ಹಾಗಾಗಿ 5 ನಿಮಿಷ ಕತ್ತರಿಸಬೇಕು.

ಎಲ್ಲಿ ಕತ್ತರಿಸುವುದು? ಮೂರು ಬಣ್ಣದ ಪೆನ್ನು ಹಿಡಿದು ಆವರಣದೊಳಗಿನ ರಂಗಸೂಚನೆಗಳನ್ನೆಲ್ಲ ಗುರುತಿಸಿ. ಕಣ್ಣಿಗೆ ಕಾಣುವುದಕ್ಕೆ ಒಂದು ಬಣ್ಣ, ಕಿವಿಗೆ ಕೇಳುವುದಕ್ಕೆ ಇನ್ನೊಂದು, ಎರಡೂ ಅಲ್ಲದ್ದಕ್ಕೆ ಮೂರನೆಯದು. ಮೂರನೆಯ ಬಣ್ಣ ಬಿದ್ದ ಕಡೆಯಲ್ಲೆಲ್ಲ ನಾಟಕಕಾರ ಕಥೆಗಾರನಾಗಿದ್ದಾನೆ ಎಂದರ್ಥ. ಈ ಹಸ್ತಪ್ರತಿಯಲ್ಲಿ ಸಿಕ್ಕಿದ ಒಂದು: “ತಕ್ಕಡಿ 4.850 ತೋರಿಸುತ್ತದೆ. ಅಂಗಡಿಯವ ಸುರಿಯುವುದನ್ನು ನಿಲ್ಲಿಸುತ್ತಾನೆ.” ನಾಟಕದ ಇಡೀ ಮೋಸ ಈ ಒಂದು ಸಾಲಿನಲ್ಲಿದೆ. ಆದರೆ ಎಲೆಕ್ಟ್ರಾನಿಕ್ ತಕ್ಕಡಿಯ ಒಂದಂಗುಲದ ಅಂಕಿ ಮೂರನೇ ಸಾಲಿನಾಚೆ ಕಾಣುವುದಿಲ್ಲ, ಸಾಲದ್ದಕ್ಕೆ ಅದರ ಮುಖ ಪ್ರೇಕ್ಷಕರ ಕಡೆಗಿರುವುದಿಲ್ಲ. ಅದನ್ನು ಮಾತಿಗೆ ತರಲೇಬೇಕು:

ಅಂಗಡಿಯವ: ಐದು. ಚೀಲ ಹಿಡಿಯವ್ವ.
ಅಜ್ಜಿ: ಅಲ್ಲಿ ನಾಕು ಅಂತದಲ್ಲಪ್ಪ?
ಅಂಗಡಿಯವ: ಓದಕ್ ಬತ್ತದಾ ನಿಂಗೆ?
ಅಜ್ಜಿ: ನಾಕರ ಗಂಟ ಬತ್ತದೆ.

ಇದಕ್ಕೆ ಬದಲಾಗಿ ತೆಗೆದು ಹಾಕಿದ್ದು, ಯಂತ್ರವನ್ನು ವಿವರಿಸುತ್ತಿದ್ದ ಒಂದೂವರೆ ಪುಟ. “ನೋಡಿಲ್ಲಿ, ಕೆಂಪು ಲೈಟ್ ಬಂತು, ಅಂದ್ರೆ ನಿನ್ ಎಬ್ಬೆಟ್ಟು ಹೊಂದ್ತಾ ಇಲ್ಲ ಅಂತ” ಎಂಬ ಮಾತು ಬೇಡ. ಕೆಂಪು ಬೆಳಕು ಮುಖದ ಮೇಲೆ ಬಿದ್ದರೆ ಅಷ್ಟೂ ಗೊತ್ತಾಗುತ್ತದೆ. ಆ ಜಾಗದಲ್ಲಿ ಉಳಿದದ್ದು ಎರಡೇ ಮಾತು. “ಇನ್ನೊಂದ್ ಕಿತ ಮಡಗವ್ವ.” “ಎಷ್ಟ್ ಕಿತ ಮಡಗ್ಲಪ್ಪ, ಬೆಟ್ಟೇ ಸವ್ದೋಗದೆ.” ಹೊಲದ ಕೆಲಸ, ಪಾತ್ರೆ ತಿಕ್ಕುವುದು, ವಯಸ್ಸು, ಇವುಗಳಿಂದ ಬೆರಳ ಗೆರೆ ಸವೆಯುವುದು, ಒಣಗಿದ ಚರ್ಮವನ್ನು ಯಂತ್ರ ಹಿಡಿಯದಿರುವುದು ಪಡಿತರದ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತು. ಬೆರಳನ್ನು ತಲೆಗೂದಲಿಗೆ ಉಜ್ಜಿ ಎಣ್ಣೆಪಸೆ ಮಾಡಿಕೊಂಡು ಒತ್ತುವ ಒಂದೇ ಕ್ರಿಯೆ ಸಾಕು.

ಇನ್ನೊಂದು ಎಚ್ಚರ. ಪಡಿತರದ ಲೆಕ್ಕ ಮಾತಿನಲ್ಲಿ ಬರುತ್ತದೆಂದಾದರೆ ನಾಟಕ ಯಾವ ವರ್ಷ ನಡೆಯುತ್ತದೆಂದು ಮೊದಲೇ ತೀರ್ಮಾನಿಸಿ. 2023ರ ಜುಲೈಯಿಂದ 2025ರ ಆರಂಭದವರೆಗೆ ರಾಜ್ಯದಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು. ಆ ಕಾಲದ ಒಂಟಿ ಅಜ್ಜಿ ಅಂಗಡಿಯಲ್ಲಿ 10 ಕೆಜಿ ಕೇಳುವಂತಿಲ್ಲ. ಅಂತ್ಯೋದಯ ಚೀಟಿಯಾದರೆ ಲೆಕ್ಕವೇ ಬೇರೆ, ಕುಟುಂಬಕ್ಕೆ 35 ಕೆಜಿ, ಅಷ್ಟನ್ನು ರಂಗದ ಮೇಲೆ ಅಳೆಯುತ್ತಾ ಕೂರುವುದಕ್ಕಾಗುವುದಿಲ್ಲ. ಈ ನಾಟಕ 2024ರಲ್ಲಿದೆ, ಅಜ್ಜಿಯದು ಬಿಪಿಎಲ್ ಚೀಟಿ, ಅಳೆಯುವುದು 5 ಕೆಜಿ.

32 ದಿನ ಬಾಕಿ: ಮರ

ಅಂಗಡಿ ಮುಖಕ್ಕೆ ಮೂರು ಚೌಕಟ್ಟು. ನಡುವಿನದು 4 ಅಡಿ ಅಗಲ, ಅಕ್ಕಪಕ್ಕದ ಎರಡು ರೆಕ್ಕೆಗಳು 23¾ ಅಂಗುಲ. ಎತ್ತರ 6 ಅಡಿ 9 ಅಂಗುಲ. 8 ಅಡಿ ಚೆಂದ ಕಾಣುತ್ತಿತ್ತು, ಆದರೆ ಟಾಟಾ ಏಸ್‌ನ ಹಿಂಬದಿ ಸುಮಾರು 7 ಅಡಿ ಉದ್ದ, 8 ಅಡಿಯಾದರೆ ಬಾಗಿಲು ತೆರೆದಿಟ್ಟು ಹಗ್ಗ ಬಿಗಿಯಬೇಕು, ದಾರಿಯ ಹಂಪುಗಳಲ್ಲಿ ಮೂಲೆಯ ಜೋಡಣೆ ಸಡಿಲವಾಗುತ್ತದೆ. ರೆಕ್ಕೆ 24 ಅಂಗುಲದ ಬದಲು 23¾ ಇಟ್ಟಿದ್ದು, ಮಡಚಿದಾಗ ನಡುವೆ ಒಂದಕ್ಕೊಂದು ತಾಗದಿರಲಿ ಎಂದು.

2×1 ಅಂಗುಲದ ರೀಪರ್ (ಮರದ ಪಟ್ಟಿ), 10 ಅಡಿಯ 11 ತುಂಡು, ಜೊತೆಗೆ ಒಂದು ಹೆಚ್ಚುವರಿ. ಕತ್ತರಿಸುವ ಲೆಕ್ಕ ಹೀಗೆ: ಆರು ತುಂಡಿನಿಂದ 81 ಅಂಗುಲದ ಆರು ಕಂಬ, ಪ್ರತಿಯೊಂದರ ಉಳಿಕೆಯಿಂದ ರೆಕ್ಕೆಯ ಒಂದೊಂದು ಅಡ್ಡಪಟ್ಟಿ. ಎರಡು ತುಂಡಿನಿಂದ ನಡುಚೌಕಟ್ಟಿನ 44 ಅಂಗುಲದ ನಾಲ್ಕು ಅಡ್ಡಪಟ್ಟಿ, ಅದರ ಉಳಿಕೆಯಲ್ಲಿ ಕಿಟಕಿಯ 24 ಅಂಗುಲದ ಎರಡು ನಿಲುಪಟ್ಟಿ. ಉಳಿದ ಮೂರು ತುಂಡಿನಿಂದ ಎರಡು ತ್ರಿಕೋನ ಆಸರೆ: ನಿಲುವು 59½, ತಳ 36, ಓರೆ ಸುಮಾರು 70 ಅಂಗುಲ. ನಿಲುವನ್ನು ಸರಿಯಾಗಿ 60 ಇಡಲು ಹೋದರೆ ಗರಗಸದ ಪುಡಿಯಲ್ಲಿ ಹೋಗುವ ಮರದಿಂದ ಎರಡನೆಯದು ಗಿಡ್ಡವಾಗುತ್ತದೆ, ಆಸರೆಗಳು ಸಮ ಬರುವುದಿಲ್ಲ.

ಮೂಲೆಗೆ ಬರೀ ಮೊಳೆ ಹೊಡೆದರೆ ಚೌಕಟ್ಟು ವಜ್ರಾಕಾರಕ್ಕೆ ಸರಿಯುತ್ತದೆ. 6 ಮಿಮೀ ಪ್ಲೈವುಡ್ಡಿನ ತ್ರಿಕೋನ ತುಂಡುಗಳನ್ನು ಹಿಂಬದಿಯಿಂದ ಫೆವಿಕಾಲ್ ಹಚ್ಚಿ, ತುಂಡಿಗೆ ಐದು ¾ ಅಂಗುಲದ ಸ್ಕ್ರೂ ಬಿಗಿಯಿರಿ. ತುಂಡನ್ನು ಕಂಬದ ಹೊರ ಅಂಚಿನಿಂದ ಒಂದಂಗುಲ ಒಳಗೆ ಕೂರಿಸಬೇಕು. ಅಂಚಿಗೇ ಕೂರಿಸಿದರೆ ಹಿಂಜಿಗೆ (ಮಡಚುವ ಕೀಲಿಗೆ) ಜಾಗವಿರುವುದಿಲ್ಲ. ಬಿಗಿಯುವ ಮುನ್ನ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಬಂದರೆ ಚೌಕ ಸರಿ.

ಹಿಂಜು ಹಿಂಬದಿಗೇ. ಮುಂಬದಿಗೆ ಹಾಕಿದರೆ ರೆಕ್ಕೆಗಳು ಪ್ರೇಕ್ಷಕರ ಕಡೆಗೆ ಮಾತ್ರ ಮಡಚುತ್ತವೆ, ಅಂಗಡಿಯ ಪಕ್ಕದ ಗೋಡೆಯಾಗಿ ಹಿಂದಕ್ಕೆ ಓರೆಯಾಗುವುದಿಲ್ಲ. ಜೋಡಣೆಗೆ ಮೂರರಂತೆ ಆರು 3 ಅಂಗುಲದ ಹಿಂಜು. ಆಸರೆಗಳಿಗೆ ಪಿನ್ ಎಳೆದು ತೆಗೆಯುವ ಬಗೆಯದು, ಪಿನ್ನಿನ ಬದಲು ಬಗ್ಗಿಸಿದ 4 ಅಂಗುಲದ ಮೊಳೆ, ಅದಕ್ಕೆ ಕೆಂಪು ರಿಬ್ಬನ್. ಕತ್ತಲಲ್ಲಿ ಕಳೆದುಹೋಗುವ ವಸ್ತುಗಳಲ್ಲಿ ಹಿಂಜಿನ ಪಿನ್ನಿಗೆ ಮೊದಲ ಸ್ಥಾನ. ಹಾಗಾಗಿ ಸಜ್ಜಿನ ಪೆಟ್ಟಿಗೆಯಲ್ಲಿ ನಾಲ್ಕು ಹೆಚ್ಚುವರಿ ಇರಲಿ.

ಕಿಟಕಿಯ ಕಟ್ಟೆ 36×14 ಅಂಗುಲದ 12 ಮಿಮೀ ಪ್ಲೈವುಡ್. ಮೊದಲು ಚೌಕಟ್ಟಿಗೆ ಬ್ರಾಕೆಟ್ ಹಾಕಿ ಕೂರಿಸಿದ್ದು ತಪ್ಪಾಯಿತು. ಅಜ್ಜಿ ಮೊಣಕೈ ಊರಿದ ಕೂಡಲೇ ಇಡೀ ಅಂಗಡಿ ಅವಳ ಮೇಲೆ ಬಾಗಿತು. ಗೋಡೆಯಿಂದ ಮುಂದೆ ಚಾಚಿದ ಹಲಗೆಯ ಮೇಲೆ ಭಾರ ಬಿದ್ದರೆ ಅದು ಗೋಡೆಯನ್ನು ಮುಂದಕ್ಕೆ ಎಳೆಯುತ್ತದೆ, 20 ಕೆಜಿಯೂ ತೂಗದ ಬಟ್ಟೆಗೋಡೆ ಅದನ್ನು ತಡೆಯಲಾರದು. ಪರಿಹಾರ, ಕಟ್ಟೆಯ ಮುಂತುದಿಗೆ ಮಡಚುವ ಎರಡು ಕಾಲು. ಭಾರ ನೇರ ನೆಲಕ್ಕಿಳಿಯುತ್ತದೆ, ಗೋಡೆಗೆ ಕಟ್ಟೆ ಬರೀ ತಾಗಿರುತ್ತದೆ.

25 ದಿನ ಬಾಕಿ: ಬಟ್ಟೆ, ಬಣ್ಣ, ಬೋರ್ಡು

ಕೋರಾ ಬಟ್ಟೆ. ತೊಳೆಯದ ಬಟ್ಟೆಯೇ ಬೇಕು, ಅದು ಮುದುಡುವುದರಿಂದಲೇ ಬಿಗಿ ಬರುವುದು. ಚೌಕಟ್ಟಿನ ಬದಿಗಳ ನಡುವಿನಿಂದ ಶುರು ಮಾಡಿ ಮೂಲೆಗಳತ್ತ ಸ್ಟೇಪಲ್ ಹೊಡೆಯಿರಿ. ಕೈಯಿಂದ ತಟ್ಟಿದರೆ ಸ್ವಲ್ಪ ಜೋಲಾಡಬೇಕು. ಮೊದಲೇ ಡೋಲಿನಂತೆ ಎಳೆದು ಹೊಡೆದರೆ ಅಂಟುನೀರು ಬಿದ್ದ ಮೇಲೆ ಇನ್ನೂ ಮುದುಡಿ ಒಂದಂಗುಲದ ರೀಪರನ್ನೇ ಬಿಲ್ಲಿನಂತೆ ಬಗ್ಗಿಸುತ್ತದೆ. ಬಗ್ಗಿದ ಚೌಕಟ್ಟನ್ನು ಸರಿಮಾಡಲು ಬಟ್ಟೆ ಕಿತ್ತು ಹೊಸದಾಗಿ ಶುರುಮಾಡುವುದೇ ದಾರಿ.

ಬೆಂಕಿಯ ಎಚ್ಚರಿಕೆಗೆ ಲೀಟರ್ ಬಿಸಿನೀರಿಗೆ 100 ಗ್ರಾಂ ಬೋರಾಕ್ಸ್, 45 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಬಟ್ಟೆಗೆ ಕುಡಿಸಿ ಒಣಗಿಸಿ. ಇದಾದ ಮೇಲೆ ಫೆವಿಕಾಲ್ ಒಂದು ಪಾಲು, ನೀರು ಮೂರು ಪಾಲು ಬೆರೆಸಿದ ಅಂಟುನೀರು. ಆಮೇಲೆ ಡಿಸ್ಟೆಂಪರ್. ಇದೇ ರೀತಿ ಬಳಿದ ಒಂದು ಚೂರನ್ನು ಬಯಲಿನಲ್ಲಿ ಇಕ್ಕಳದಲ್ಲಿ ಹಿಡಿದು ಲೈಟರ್ ತಾಗಿಸಿ ನೋಡಿ. ಕಪ್ಪಾಗಿ ಕರಕಲಾಗಬೇಕು, ಜ್ವಾಲೆ ತಾನಾಗಿ ಹರಡಬಾರದು.

ಬಣ್ಣ ಮೇಲರ್ಧಕ್ಕೆ ಸುಣ್ಣದ ಬಿಳಿ, ಕೆಳಗೆ ಸೊಂಟದೆತ್ತರದವರೆಗೆ ಸರಕಾರಿ ಹಸಿರು. ಅಂಗಡಿಯಿಂದ ತಂದ ಬಿಳಿಯನ್ನು ಹಾಗೇ ಬಳಿದರೆ ದೀಪ ಬಿದ್ದಾಗ ನಟರ ಮುಖಕ್ಕಿಂತ ಗೋಡೆ ಹೊಳೆಯುತ್ತದೆ. 4 ಲೀಟರಿಗೆ ಎರಡು ಚಮಚ ಹಳದಿ, ಅರ್ಧ ಚಮಚ ಕಪ್ಪು ಸ್ಟೈನರ್ ಸೇರಿಸಿದರೆ ಹಗಲಲ್ಲಿ ಮಾಸಲು ಕಂಡರೂ ರಂಗದ ಮೇಲೆ ಬಿಳಿಯೇ. ಕಿಟಕಿಯ ಕೆಳಗೆ, ಜನ ಒರಗಿ ನಿಲ್ಲುವ ಜಾಗದಲ್ಲಿ, ಒಣ ಬ್ರಷ್ಷಿನಿಂದ ಕಂದು ತಿಕ್ಕಿ ಜಿಡ್ಡು ಮಾಡಿ.

ರೆಕ್ಕೆ ಓರೆಯಾದಾಗ ಜೋಡಣೆಯ ಮುಂದೆ ಮುಕ್ಕಾಲು ಅಂಗುಲ ಸಂದು ತೆರೆದು ಹಿಂದಿನ ಬೆಳಕು ಇಣುಕುತ್ತದೆ. ಅದನ್ನು 4 ಅಂಗುಲದ ಬಟ್ಟೆಪಟ್ಟಿಯಿಂದ ಮುಚ್ಚಬೇಕು. ಪಟ್ಟಿ ಅಂಟಿಸುವಾಗ ರೆಕ್ಕೆಗಳು 45 ಡಿಗ್ರಿ ತೆರೆದಿರಲಿ. ನೆಲದ ಮೇಲೆ ಸಪಾಟಾಗಿಟ್ಟು ಅಂಟಿಸಿದ ಪಟ್ಟಿ ಮೊದಲ ಸಲ ನಿಲ್ಲಿಸುವಾಗಲೇ ಹರಿಯುತ್ತದೆ.

ಬೋರ್ಡಿನ ಅಕ್ಷರಕ್ಕೆ ಸಾಮಾನ್ಯ ಅಳತೆ 10 ಅಡಿ ದೂರಕ್ಕೆ ಒಂದಂಗುಲ. 45 ಅಡಿ ಹಿಂದಿನ ಸಾಲಿಗೆ 4½ ಅಂಗುಲ. ಈ ಅಳತೆ ಒತ್ತಕ್ಷರವಿಲ್ಲದ ಲಿಪಿಗೆ. “ನ್ಯಾಯಬೆಲೆ”ಯ ಮೊದಲಕ್ಷರದಲ್ಲೇ ಯಒತ್ತು ಕೆಳಗಿಳಿಯುತ್ತದೆ. ಬೋರ್ಡಿನ ಎತ್ತರ 6 ಅಂಗುಲ ಇಟ್ಟು ಎಲ್ಲವನ್ನೂ ತುರುಕಿದರೆ ಮೂಲಾಕ್ಷರ 3 ಅಂಗುಲಕ್ಕೆ ಇಳಿಯುತ್ತದೆ. ಬೋರ್ಡು 9 ಅಂಗುಲವಿರಲಿ, ಮೂಲಾಕ್ಷರ 4½, ಒತ್ತಿಗೆ ಕೆಳಗೆ 2, ಉಳಿದದ್ದು ಅಂಚು. ಎರಡು ಕೊಕ್ಕೆಗೆ ತೂಗುಹಾಕಿ. ಕಾಯಂ ಜಡಿದರೆ ಸಾಗಿಸುವಾಗ ಮೊದಲು ಮುರಿಯುವುದು ಅದೇ.

20 ದಿನ ಬಾಕಿ: ಯಂತ್ರ

ನಿಜವಾದ ಯಂತ್ರ ಅಂಗೈಯಗಲ. ರಂಗದ ಮೇಲೆ ಅದು ಮೊಬೈಲಿನಂತೆ ಕಾಣುತ್ತದೆ. ಒಂದೂವರೆ ಪಟ್ಟು ದೊಡ್ಡದು ಮಾಡಿ, ಎಂಡಿಎಫ್ ಹಲಗೆಯಲ್ಲಿ, ಬೂದುಬಣ್ಣ ಬಳಿದು. ಒಳಗೆ ಕೆಂಪು, ಹಸಿರು ದೀಪ, ಮಾತಾಡುವ ಒಂದು ಮಾಡ್ಯೂಲ್.

ಮೊದಲ ಪ್ರಯತ್ನ 12 ವೋಲ್ಟ್ ಎಲ್‌ಇಡಿ ಪಟ್ಟಿ ಕತ್ತರಿಸಿ 9 ವೋಲ್ಟ್ ಬ್ಯಾಟರಿಗೆ ಕೊಟ್ಟದ್ದು. ಮೇಜಿನ ಮೇಲೆ ಕೆಂಪು ಉರಿಯಿತು. ಹಸಿರು ಉರಿಯಲಿಲ್ಲ. ತಂತಿ, ಬೆಸುಗೆ, ಸ್ವಿಚ್ಚು ಎಲ್ಲ ಸರಿಯಿತ್ತು. ಕಾರಣ ಪಟ್ಟಿಯ ಒಳಗಿದೆ: ಅದರಲ್ಲಿ ಮೂರು ಮೂರು ಎಲ್‌ಇಡಿಗಳು ಸರಣಿಯಲ್ಲಿ ಕೂತಿರುತ್ತವೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು, ಮೂರಕ್ಕೆ 6, ಹಾಗಾಗಿ 9ರಲ್ಲಿ ಮಂಕಾದರೂ ಉರಿಯುತ್ತದೆ. ಹಸಿರಿಗೆ 3ಕ್ಕಿಂತ ಹೆಚ್ಚು, ಮೂರಕ್ಕೆ 9 ದಾಟುತ್ತದೆ, ಬ್ಯಾಟರಿ ಅಲ್ಲಿಗೆ ತಲುಪುವುದೇ ಇಲ್ಲ. ಹಸಿರು ಬರುವುದು ನಾಟಕದ ಕೊನೆಯ ನಿಮಿಷದಲ್ಲಿ, ಒಂದೇ ಸಲ. ತಾಲೀಮಿನಲ್ಲಿ ಕೆಂಪನ್ನು ಮಾತ್ರ ಪರೀಕ್ಷಿಸಿ ಬಿಟ್ಟಿದ್ದರೆ ಪ್ರದರ್ಶನದಲ್ಲಿ ಅಜ್ಜಿ ಅಕ್ಕಿ ಸಿಗದೆ ಮನೆಗೆ ಹೋಗಬೇಕಾಗುತ್ತಿತ್ತು.

ಎರಡನೇ ಪ್ರಯತ್ನ ಫಲಿಸಿತು. ಮೂರು ಎಎ ಸೆಲ್, ಅಂದರೆ 4.5 ವೋಲ್ಟ್. 5 ಮಿಮೀನ ಹೆಚ್ಚು ಪ್ರಕಾಶದ, ತಲೆ ಪಾರದರ್ಶಕವಾಗಿರುವ ಎಲ್‌ಇಡಿ, ಬಣ್ಣಕ್ಕೆ ಆರರಂತೆ. ಪ್ರತಿಯೊಂದಕ್ಕೂ ಅದರದೇ ರೆಸಿಸ್ಟರ್: ಕೆಂಪಿಗೆ 150 ಓಮ್, ಹಸಿರಿಗೆ 82. ಆರಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕಿದರೆ ಒಂದೆರಡು ಮಾತ್ರ ಜೋರಾಗಿ ಉರಿದು ಉಳಿದವು ಮಂಕಾಗುತ್ತವೆ. ದೀಪಗಳ ಮೂತಿ ಪ್ರೇಕ್ಷಕರ ಕಡೆಗಲ್ಲ, ಅಂಗಡಿಯವನ ಮುಖದ ಕಡೆಗೆ. 5 ಮಿಮೀ ಚುಕ್ಕಿ ಹಿಂದಿನ ಸಾಲಿಗೆ ಚುಕ್ಕಿಯೇ. ಒಂದಡಿ ದೂರದ ಮುಖ ಕೆಂಪಾದರೆ ಬಾಲ್ಕನಿಗೂ ಕಾಣುತ್ತದೆ. ಸೆಲ್ ಇಳಿದಂತೆ ಮೊದಲು ಸೊರಗುವುದು ಮತ್ತೆ ಹಸಿರೇ, ಆದ್ದರಿಂದ ಪ್ರತಿ ಪ್ರದರ್ಶನಕ್ಕೂ ಹೊಸ ಸೆಲ್.

ದನಿಗೆ ಡಿಎಫ್‌ಪ್ಲೇಯರ್ ಮಿನಿ ಎಂಬ, ಕಾರ್ಡಿನಲ್ಲಿರುವ ಶಬ್ದ ನುಡಿಸುವ ಪುಟ್ಟ ಮಾಡ್ಯೂಲ್, 8 ಓಮ್ 3 ವ್ಯಾಟ್ ಸ್ಪೀಕರ್, ಒಂದು ಮೈಕ್ರೊಎಸ್‌ಡಿ ಕಾರ್ಡು. ಅದೇ ಮೂರು ಸೆಲ್ಲಿನಿಂದ ನಡೆಯುತ್ತದೆ. ದನಿ ಏರಿದಾಗ ದೀಪ ಮಿಣುಕದಿರಲು ಸೆಲ್ಲಿಗೆ ಅಡ್ಡವಾಗಿ 470 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್. ಸೆಲ್ ಬದಲು ಪವರ್‌ಬ್ಯಾಂಕ್ ಇಡುವ ಆಸೆ ಬೇಡ. ಸುಮ್ಮನಿರುವಾಗ ಈ ಮಾಡ್ಯೂಲ್ ಎಳೆಯುವ ಕರೆಂಟು ತೀರಾ ಕಡಿಮೆ, ಎಷ್ಟೋ ಪವರ್‌ಬ್ಯಾಂಕುಗಳು ಏನೂ ಜೋಡಿಸಿಲ್ಲವೆಂದು ತಿಳಿದು ತಾವಾಗಿಯೇ ಆರಿಹೋಗುತ್ತವೆ.

ಈ ಮಾಡ್ಯೂಲಿನ ಎರಡು ಗುಣ ತಿಳಿದಿರಬೇಕು. ಒಂದು, “ಮುಂದಿನದು” ಗುಂಡಿಯನ್ನು ಥಟ್ಟನೆ ಒತ್ತಿದರೆ ಮುಂದಿನ ಫೈಲು, ಒತ್ತಿ ಹಿಡಿದರೆ ದನಿ ಜೋರು. ಗಾಬರಿಯಾದ ನಟ ಹಿಡಿದೇ ಇರುತ್ತಾನೆ. ಯಂತ್ರ ಮಾತಾಡದಿದ್ದಾಗ ಇನ್ನೂ ಗಟ್ಟಿಯಾಗಿ ಒತ್ತುವುದು ಮನುಷ್ಯ ಸ್ವಭಾವ. ಬಿಟ್ಟು ಮತ್ತೆ ಒತ್ತುವುದನ್ನು ತಾಲೀಮಿನಲ್ಲೇ ರೂಢಿಸಬೇಕು. ಎರಡು, ಗುಂಡಿಯಿಂದ ನಡೆಸುವಾಗ ಅದು ಫೈಲುಗಳನ್ನು ಹೆಸರಿನ ಕ್ರಮದಲ್ಲಲ್ಲ, ಕಾರ್ಡಿಗೆ ನಕಲು ಮಾಡಿದ ಕ್ರಮದಲ್ಲಿ ನುಡಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಿದರೆ ಮೊದಲ ಒತ್ತಿಗೇ “ಧನ್ಯವಾದಗಳು” ಬರಬಹುದು. ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಒಂದೊಂದಾಗಿ ನಕಲು ಮಾಡಿ. ಮೊದಲ ಫೈಲು ಬರೀ ಮೌನ. ಸಜ್ಜು ಮಾಡುವಾಗ ಅದನ್ನು ಒಮ್ಮೆ ಒತ್ತಿ ಕಳೆದರೆ ಯಂತ್ರ ಬದುಕಿದೆಯೆಂದು ಖಾತ್ರಿಯಾಗುತ್ತದೆ. ಪ್ರತಿ ಮಾತಿನ ಬಾಲಕ್ಕೂ ಒಂದು ನಿಮಿಷ ಮೌನ ಸೇರಿಸಿ, ತಾನಾಗಿ ಮುಂದಿನದಕ್ಕೆ ಜಿಗಿದರೂ ಅನಾಹುತವಾಗುವುದಿಲ್ಲ.

300 ಆಸನದ ಮುಚ್ಚಿದ ಸಭಾಂಗಣದ ಮೌನದಲ್ಲಿ 3 ವ್ಯಾಟ್ ಸಾಕು, ನಗುವಿನ ನಡುವೆ ಸಾಲದು. ಬೆಂಗಳೂರಿನ ಸಂಸ ಬಯಲು ರಂಗಮಂದಿರದಂಥ ಕಡೆ ಮೊದಲ ಸಾಲಿಗಷ್ಟೇ ಕೇಳೀತು. ಅದೇ ಐದು ಮಾತು ಶಬ್ದದ ಲ್ಯಾಪ್‌ಟಾಪಿನಲ್ಲೂ ಇರಲಿ. ಯಾವುದು ಎಂದು ಪ್ರದರ್ಶನಕ್ಕೆ ಮುನ್ನವೇ ತೀರ್ಮಾನವಾಗಬೇಕು, ಎರಡೂ ಸೇರಿ ನುಡಿದರೆ ಯಂತ್ರಕ್ಕೆ ತೊದಲು ಬಂದಂತಿರುತ್ತದೆ.

13 ದಿನ ಬಾಕಿ: ಮೂಟೆ, ಅಕ್ಕಿ

50 ಕೆಜಿಯ ಗೋಣಿಚೀಲಕ್ಕೆ ಹಳೆಬಟ್ಟೆ ತುಂಬಿದರೆ ಅದು ದಿಂಬಾಗುತ್ತದೆ. ಅಕ್ಕಿಮೂಟೆ ತಳದಲ್ಲಿ ಅಗಲವಾಗಿ ಕೂರುತ್ತದೆ, ಕಿವಿ ಮೇಲೆದ್ದಿರುತ್ತದೆ. ತಳಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ 12 ಕೆಜಿ ಮರಳು, ಮೇಲೆ ತೆಂಗಿನ ನಾರು, ಬಾಯಿ ಹೊಲಿಗೆ. ಈ 12 ಕೆಜಿಯಿಂದ ಎರಡು ಲಾಭ. ಎಳೆಯುವಾಗ ನಟನ ಸೊಂಟ ನಟಿಸಬೇಕಾಗಿಲ್ಲ. ಮತ್ತೆ, ಇದೇ ಮೂಟೆಗಳು ಆಸರೆಯ ತಳಪಟ್ಟಿಯ ಮೇಲೆ ಕೂತು ಗೋಡೆಯನ್ನು ಹಿಡಿದಿಡುತ್ತವೆ. ಬೇರೆ ಮರಳುಚೀಲ ಹೊರುವ ಕೆಲಸ ತಪ್ಪಿತು. ಹಾಗೆ ಕೂತ ಎರಡು ಮೂಟೆಗಳನ್ನು ನಾಟಕದುದ್ದಕ್ಕೂ ಯಾರೂ ಮುಟ್ಟುವಂತಿಲ್ಲ. ಅವಕ್ಕೆ ಒಳಬದಿಯಲ್ಲಿ ನೀಲಿ ಟೇಪು.

ಅಕ್ಕಿ ಮಾತ್ರ ನಿಜವಾದದ್ದೇ ಬೇಕು. ಸ್ಟೀಲಿನ ಸೇರಿನಿಂದ ಬೀಳುವ ಸದ್ದು ಬೇರೆ ಯಾವುದರಿಂದಲೂ ಬರುವುದಿಲ್ಲ. ಆದರೆ ಪಾಲಿಶ್ ಮಾಡಿದ ಮರದ ರಂಗದ ಮೇಲೆ ಉದುರಿದ ಅಕ್ಕಿ ಸೈಕಲ್ ಬಾಲ್ಸಿನ ಹಾಗೆ. ಮುಂದಿನ ತಂಡದಲ್ಲಿ ಬರಿಗಾಲಲ್ಲಿ ಕುಣಿಯುವವರಿದ್ದರೆ ಕಾಲು ಮುರಿಯುತ್ತದೆ, ಆ ಶಾಪ ನಿಮಗೇ. ಮೂರು ತಡೆ ಬೇಕು. ಕಟ್ಟೆಯ ಸುತ್ತ 3 ಅಂಗುಲದ ಅಂಚು, ಒಳಮೈಗೆ ಬಿಳಿ ಬಣ್ಣ, ಅದು ಯಂತ್ರದ ಬೆಳಕನ್ನೂ ಮುಖಕ್ಕೆ ತಿರುಗಿಸುತ್ತದೆ. ಅಜ್ಜಿಯ ಚೀಲದೊಳಗೆ ಒಂದಡಿ ಕೆಳಗೆ ಹೊಲಿದ ಇನ್ನೊಂದು ಬಟ್ಟೆಚೀಲ, ಹೊರಗಿನದು ಜಾರಿದರೂ ಒಳಗಿನದು ಹಿಡಿಯುತ್ತದೆ. ಕಟ್ಟೆಯ ಕೆಳಗೆ 6×4 ಅಡಿಯ ಟಾರ್ಪಾಲು, ಮೇಲ್ಮೈಗೆ ಹೊಲಿದ ಗೋಣಿ. ಕೊನೆಯಲ್ಲಿ ನಾಲ್ಕು ಮೂಲೆ ಎತ್ತಿದರೆ ಸುರಿದದ್ದೆಲ್ಲ ನಡುವೆ ಸೇರುತ್ತದೆ.

9 ದಿನ ಬಾಕಿ: ಬೆಳಕು, ಶಬ್ದ

ಉತ್ಸವದಲ್ಲಿ ದೀಪಗಳು ಎಲ್ಲ ತಂಡಗಳಿಗೂ ಸಾಮಾನ್ಯ. ಎರಡು ನಾಟಕಗಳ ನಡುವೆ ಏಣಿ ಹಾಕಿ ದೀಪ ತಿರುಗಿಸಲು ಸಮಯವಿರುವುದಿಲ್ಲ. ಹಾಗಾಗಿ ಇರುವ ಸಾಮಾನ್ಯ ಬೆಳಕು, ಕಿಟಕಿಗೆಂದೇ ಬೀಳುವ ಒಂದು ದೀಪ (ಸ್ಪೆಷಲ್), ಅಂಗಡಿಯೊಳಗೆ ಒಂದು ಬಲ್ಬು, ಇಷ್ಟರಲ್ಲೇ ನಡೆಯಬೇಕು. 1000 ವ್ಯಾಟಿನ ಪಾರ್ ದೀಪ 230 ವೋಲ್ಟಿನಲ್ಲಿ 4.3 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಸಾಕೆಟ್ಟಿಗೆ ಮೂರು, 6 ಆಂಪಿಯರಿಗೆ ಒಂದೇ ಒಂದು.

ಒಳಗಿನ ಬಲ್ಬು 60 ವ್ಯಾಟಿನ ಹಳೇ ಫಿಲಮೆಂಟಿನದು. ಅದೊಂದನ್ನೇ ಬೆಳಕು ಏರಿಳಿಸುವ ದೊಡ್ಡ ಡಿಮ್ಮರಿಗೆ ಕೊಟ್ಟರೆ ಮಿಟುಕುತ್ತದೆ, ಅಥವಾ ಸೊನ್ನೆಗಿಳಿಸಿದರೂ ಕೆಂಡದಂತೆ ಉಳಿಯುತ್ತದೆ. ಕನಿಷ್ಠ ಭಾರ ಸಿಗದೆ ಡಿಮ್ಮರಿನ ಸ್ವಿಚ್ಚು ಸರಿಯಾಗಿ ಮುಚ್ಚಿ ತೆರೆಯದಿರುವುದು ಇದಕ್ಕೆ ಕಾರಣ. ಸೈಡ್‌ವಿಂಗಿನ ಹಿಂದೆ, ಯಾರಿಗೂ ಕಾಣದ ಕಡೆ, ಅದೇ ಸಾಲಿಗೆ ಒಂದು 500 ವ್ಯಾಟಿನ ದೀಪ ಗೋಡೆಗೆ ಮುಖಮಾಡಿ ಜೋಡಿಸಿದರೆ ಸರಿಹೋಗುತ್ತದೆ. ಅದು ಬಿಸಿಯಾಗುತ್ತದೆ, ಪರದೆಯಿಂದ ಮೂರಡಿ ದೂರವಿರಲಿ.

ಯಂತ್ರದ ಬೆಳಕು ಪೂರ್ತಿ ಸಾಮಾನ್ಯ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಅಜ್ಜಿ ಬೆರಳೊತ್ತುವಾಗೆಲ್ಲ ಸಾಮಾನ್ಯ ಬೆಳಕು ಶೇಕಡ 70ರಿಂದ 35ಕ್ಕೆ ಒಂದು ಸೆಕೆಂಡಿನಲ್ಲಿ ಇಳಿದು, ಯಂತ್ರ ಮಾತು ಮುಗಿಸಿದ ಮೇಲೆ ಮೂರು ಸೆಕೆಂಡಿನಲ್ಲಿ ಏರುತ್ತದೆ. ಕ್ಯೂ (ಬೆಳಕು ಬದಲಿಸುವ ಸೂಚನೆ) ಕೊಡಬೇಕಾದದ್ದು ಬೆರಳು ತಲೆಗೂದಲಿಂದ ಕೆಳಗಿಳಿಯಲು ಶುರುವಾದಾಗ. ಯಂತ್ರ ಮುಟ್ಟುವವರೆಗೆ ಕಾದರೆ ತಡ. ಇದು ಹಸ್ತಪ್ರತಿಯ ಎಡಪುಟದಲ್ಲಿ ಬರೆದಿರಬೇಕು, ಅದಕ್ಕೆಂದೇ ಕ್ಯೂ ಪ್ರತಿಯನ್ನು ಒಂದೇ ಮಗ್ಗುಲಿಗೆ ಮುದ್ರಿಸುವುದು.

ಲ್ಯಾಪ್‌ಟಾಪಿನಿಂದ ಮಿಕ್ಸರಿಗೆ ಡಿಐ ಬಾಕ್ಸ್ (ಶಬ್ದದ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಮೂಲಕವೇ. ಗುಂಯ್ ಸದ್ದು ಬಂದರೆ ಮೊದಲು ಚಾರ್ಜರ್ ಕೀಳಿ, ಮುಕ್ಕಾಲು ಪಾಲು ಸಲ ತಪ್ಪು ಅದರದೇ, ಉಳಿದದ್ದಕ್ಕೆ ಡಿಐ ಮೇಲಿನ, ಗ್ರೌಂಡ್ ತಂತಿಯ ಸಂಪರ್ಕ ಬಿಡಿಸುವ ಗ್ರೌಂಡ್ ಲಿಫ್ಟ್ ಗುಂಡಿ. ಲ್ಯಾಪ್‌ಟಾಪಿನ ನೋಟಿಫಿಕೇಶನ್ ಸದ್ದು ಮುಚ್ಚಿರಬೇಕೆಂದು ಹೇಳಬೇಕಾಗಿಲ್ಲ, ಆದರೂ ಹೇಳಿದ್ದಾಯಿತು.

5 ದಿನ ಬಾಕಿ: ಹತ್ತು ನಿಮಿಷ

ಇದೂ ತಾಲೀಮೇ. ನೆಲದ ಮೇಲೆ ಸೀಮೆಸುಣ್ಣದಿಂದ ರಂಗದಳತೆ ಬರೆದು, ಬಾಗಿಲ ಹೊರಗೆ ಸಾಮಾನಿಟ್ಟು, ಐದು ಜನ, ಗಡಿಯಾರ. ಮೊದಲ ಸಲ 19 ನಿಮಿಷವಾಯಿತು. ನೋಡಿದರೆ ಯಾರೂ ನಿಧಾನವಾಗಿರಲಿಲ್ಲ, ಎಲ್ಲರೂ ಎಲ್ಲವನ್ನೂ ಮಾಡುತ್ತಿದ್ದರು. ಆಮೇಲೆ ಕೆಲಸ ಹಂಚಿದ್ದು ಹೀಗೆ.

ಟೇಪು ಹಿಡಿದವರು ಮೊದಲು ಒಬ್ಬರೇ ಒಳಹೋಗುತ್ತಾರೆ. ರಂಗದ ನಡುಗೆರೆಯಿಂದ 2 ಅಡಿ ಎಡ, 2 ಅಡಿ ಬಲ, ಮುಂಚೂಣಿಯಿಂದ 11 ಅಡಿ ಹಿಂದೆ. ನಡುಚೌಕಟ್ಟಿನ ಎರಡು ತುದಿಗೆ ಎರಡೇ ಗುರುತು. ಹಿಂದಿನ ತಂಡಗಳ ಬಿಳಿ, ಹಳದಿ ಗುರುತುಗಳು ಅಲ್ಲೇ ಇರುತ್ತವೆ, ನಿಮ್ಮದು ಬೇರೆ ಬಣ್ಣದ್ದಿರಲಿ. ಒಂದೂವರೆ ನಿಮಿಷಕ್ಕೆ ಟಾರ್ಪಾಲು ಬೀಳಬೇಕು. ಗೋಡೆಗಿಂತ ಮೊದಲು ಟಾರ್ಪಾಲು. ಇದನ್ನು ಮರೆತು ಗೋಡೆ ನಿಲ್ಲಿಸಿದರೆ ಮತ್ತೆ ಎತ್ತಬೇಕು, ಅಲ್ಲಿಗೆ ಎರಡು ನಿಮಿಷ ಹೋಯಿತು. ನಂತರ ಇಬ್ಬರು ಗೋಡೆ ತಂದು ನಿಲ್ಲಿಸಿ ರೆಕ್ಕೆ ಬಿಡಿಸುತ್ತಾರೆ, ಮೂರನೆಯವರು ಆಸರೆಗಳಿಗೆ ಪಿನ್ ತೂರಿಸುತ್ತಾರೆ, ಕೂಡಲೇ ನೀಲಿ ಟೇಪಿನ ಮೂಟೆಗಳು. ಮೂಟೆ ಕೂರುವವರೆಗೆ ಗೋಡೆಯಿಂದ ಒಂದು ಕೈ ಬಿಡುವಂತಿಲ್ಲ. ನಾಲ್ಕೂವರೆ ನಿಮಿಷ. ಕಟ್ಟೆ, ಕಾಲು, ಬೋರ್ಡು. ಆರು ನಿಮಿಷ. ಬಲ್ಬಿನ ವೈರು, ತಕ್ಕಡಿ, ಯಂತ್ರ. ಯಂತ್ರವನ್ನು ಇಡುವುದು ಅಂಗಡಿಯವನ ಪಾತ್ರಧಾರಿಯೇ, ಮೌನದ ಫೈಲು ಒತ್ತಿ, ಕೆಂಪು ಒಮ್ಮೆ, ಹಸಿರು ಒಮ್ಮೆ ನೋಡಿ. ಎಂಟು ನಿಮಿಷ. ಉಳಿದ ಎರಡು ನಿಮಿಷಕ್ಕೆ ಕೆಲಸ ಹಚ್ಚಬೇಡಿ, ಅದಕ್ಕೆ ಬೇಕಾದ ಎಡವಟ್ಟು ತಾನಾಗಿಯೇ ಬರುತ್ತದೆ.

ನಾಟಕಕಾರರು ಈ ಐವರಲ್ಲಿ ಒಬ್ಬರಾಗಿರಬಾರದು. ಮೊದಲ ಪ್ರದರ್ಶನದ ದಿನ ಅವರ ಕೈ ನಡುಗುತ್ತಿರುತ್ತದೆ, ಪಿನ್ ಕೂರುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಬೋರ್ಡು ಸೊಟ್ಟಗಿದೆಯೇ, ಹಿಂದಿನ ಬೆಳಕು ಸಂದಿನಿಂದ ಇಣುಕುತ್ತಿದೆಯೇ ನೋಡಿ ಹೇಳುವುದು ಅವರ ಕೆಲಸ.

ರಂಗಮಂದಿರ ಬದಲಾದರೆ ರೆಕ್ಕೆಯ ಕೋನವೂ ಬದಲಾಗಬೇಕು. ರವೀಂದ್ರ ಕಲಾಕ್ಷೇತ್ರದಂತೆ ಚೌಕಟ್ಟಿನೊಳಗೆ ನೋಡುವ ರಂಗದಲ್ಲಿ 45 ಡಿಗ್ರಿ ಹಿಂದಕ್ಕೆ ಚೆನ್ನ. ರಂಗಶಂಕರದಂತೆ ರಂಗ ಪ್ರೇಕ್ಷಕರ ನಡುವಿಗೆ ಚಾಚಿಕೊಂಡಿರುವ ಕಡೆ ಪಕ್ಕದ ಆಸನಗಳಿಂದ ಗೋಡೆಯ ಹಿಂಬದಿ, ಆಸರೆ, ಪ್ಲೈವುಡ್ ತುಂಡುಗಳೆಲ್ಲ ಕಾಣುತ್ತವೆ. ಅಲ್ಲಿ ಇಡೀ ಅಂಗಡಿಯನ್ನು ನಾಲ್ಕಡಿ ಹಿಂದೆ ಸರಿಸಿ, ರೆಕ್ಕೆಗಳನ್ನು 70 ಡಿಗ್ರಿವರೆಗೆ ಮಡಚಿ ಪೆಟ್ಟಿಗೆಯಂತೆ ಮಾಡಬೇಕು. ಸಂದಿನ ಬಟ್ಟೆಪಟ್ಟಿ 45ಕ್ಕೆ ಅಂಟಿಸಿದ್ದಾದ್ದರಿಂದ ಅಲ್ಲಿಗೆ ಹೋಗುವ ಮುನ್ನ ಒಂದು ಅಂಚು ಬಿಡಿಸಿ ಸಡಿಲು ಕೊಟ್ಟು ಮತ್ತೆ ಅಂಟಿಸಿ. ಒಣಗಲು ಒಂದು ರಾತ್ರಿ ಬೇಕು.

ಪ್ರದರ್ಶನದ ದಿನ

ಪೆಟ್ಟಿಗೆಯಲ್ಲಿ: ಹೊಸ ಎಎ ಸೆಲ್ ಆರು, ಪಿನ್ ನಾಲ್ಕು, ಎರಡನೇ ಕಾರ್ಡು, ಇನ್ನೊಂದು 60 ವ್ಯಾಟ್ ಬಲ್ಬು, ಟೇಪು, ಸ್ಕ್ರೂಡ್ರೈವರ್, ಸೂಜಿದಾರ, ಕ್ಯೂ ಪ್ರತಿಯ ಎರಡು ನಕಲು. ಅಕ್ಕಿ 5 ಕೆಜಿಯನ್ನು ಮೊದಲೇ ತೂಗಬೇಡಿ, 6 ಇರಲಿ. ನಟ 4.850ಕ್ಕೆ ನಿಲ್ಲಿಸಬೇಕಾದರೆ ಸುರಿಯಲು ಇನ್ನೂ ಉಳಿದಿದೆಯೆಂದು ಕಾಣಬೇಕು.

ಯಂತ್ರ ಕೈಕೊಟ್ಟರೆ ಏನೆಂಬುದೂ ಬರೆದಿಟ್ಟದ್ದೇ. ಕೆಂಪು ಬರದಿದ್ದರೆ ಅಂಗಡಿಯವ “ಸರ್ವರ್ ಇಲ್ಲ ಕಣವ್ವ” ಎನ್ನುತ್ತಾನೆ, ಪ್ರೇಕ್ಷಕರಲ್ಲಿ ಯಾರಿಗೂ ಅದು ನಾಟಕದ ಎಡವಟ್ಟೆಂದು ಅನ್ನಿಸುವುದಿಲ್ಲ. ಹಸಿರು ಬರದಿದ್ದರೆ ದೀಪದವರು ಸ್ಪೆಷಲ್ ಒಂದನ್ನೇ ಉಳಿಸಿ ಉಳಿದದ್ದನ್ನು ಆರಿಸುತ್ತಾರೆ, ಶಬ್ದದವರು ಐದನೇ ಮಾತನ್ನು ಲ್ಯಾಪ್‌ಟಾಪಿನಿಂದ ಬಿಡುತ್ತಾರೆ.

ಕಳಚುವಾಗ ಕ್ರಮ ತಿರುಗುಮುರುಗು, ಒಂದು ಎಚ್ಚರದೊಡನೆ: ಮೂಟೆ ಎತ್ತುವುದು ಪಿನ್ ಎಳೆಯುವ ಕ್ಷಣ ಮುಂಚೆ, ಅದಕ್ಕೂ ಮೊದಲಲ್ಲ. ಟಾರ್ಪಾಲಿನ ನಾಲ್ಕು ಮೂಲೆ ಎತ್ತಿ ಹಾಗೇ ಹೊತ್ತೊಯ್ಯಿರಿ, ಅಲ್ಲೇ ಗುಡಿಸಲು ನಿಲ್ಲಬೇಡಿ. ಒಬ್ಬರು ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಹಿಡಿದರೆ ತಪ್ಪಿಸಿಕೊಂಡ ಒಂದೊಂದು ಅಕ್ಕಿಕಾಳಿಗೂ ಉದ್ದ ನೆರಳು ಬೀಳುತ್ತದೆ, ಹೆಕ್ಕಲು ಸುಲಭ. ಕೊನೆಗೆ ನಿಮ್ಮ ಬಣ್ಣದ ಎರಡು ಟೇಪು ಕೀಳಿ. ಯಂತ್ರದ ಸೆಲ್‌ಗಳನ್ನು ಅಂದೇ ರಾತ್ರಿ ತೆಗೆಯಿರಿ, ಒಳಗೇ ಬಿಟ್ಟ ಸೆಲ್ ಸೋರಿ ಸ್ಪ್ರಿಂಗಿಗೆ ಹಸಿರು ಹಿಡಿಯುತ್ತದೆ. ಬಿದ್ದ ಅಕ್ಕಿ ಬೇರೆ ಚೀಲಕ್ಕೆ, ಜರಡಿ ಹಿಡಿದು ಮುಂದಿನ ತಾಲೀಮಿಗೆ. ಕಟ್ಟೆಯ ಮೇಲಿದ್ದದ್ದು ಮಾತ್ರ ಅನ್ನಕ್ಕೆ.